ಮರ ಮರದಂತೆಯೇ ಕಾಣಬೇಕೆಂದರೆ: ಪುಟ್ಟ ಪೆಟ್ಟಿಗೆಗೆ ಪಾಲಿಶ್ ಆರಿಸುವ ಬಗೆ

ಹಾರ್ಡ್‌ವೇರ್ ಅಂಗಡಿಗೆ ಹೋಗಿ, "ಮರದ ಬಣ್ಣ ಕೆಡಬಾರದು, ಪಾಲಿಶ್ ಹಾಕಿದ್ದೇ ಗೊತ್ತಾಗಬಾರದು, ಅಂಥದ್ದೇನಾದರೂ ಕೊಡಿ" ಎಂದು ಕೇಳಿ ನೋಡಿ. ಅಂಗಡಿಯವರು ಮೇಲಿನ ಸಾಲಿನಿಂದ ಒಂದು ಡಬ್ಬಿ ಇಳಿಸುತ್ತಾರೆ. ಅದರ ಮೇಲೆ ‘ನ್ಯಾಚುರಲ್’ ಎಂದೇ ಬರೆದಿರುತ್ತದೆ. ನಾನೂ ಅಂಥದ್ದೊಂದನ್ನು ತಂದು, ನಾಲ್ಕು ಭಾನುವಾರ ಕೂತು ಮಾಡಿದ ಹಲಸಿನ ಪೆಟ್ಟಿಗೆಗೆ ಮೂರು ಕೋಟು ಬಳಿದೆ. ಮಾರನೆಯ ಬೆಳಿಗ್ಗೆ ನೋಡಿದರೆ ಪೆಟ್ಟಿಗೆ ಲಾಡ್ಜಿನ ಕೌಂಟರಿನಂತೆ ಥಳಥಳಿಸುತ್ತಿತ್ತು. ಮರ ಎಲ್ಲೋ ಗಾಜಿನ ಹಿಂದೆ ಹೋಗಿ ಕೂತಿತ್ತು. ಡಬ್ಬಿಯದೇನೂ ತಪ್ಪಿಲ್ಲ. ನ್ಯಾಚುರಲ್ ಎಂದರೆ ಅದರಲ್ಲಿ ಬಣ್ಣ ಬೆರೆಸಿಲ್ಲ ಎಂದಷ್ಟೇ ಅರ್ಥ. ಹೊಳಪು ಎಷ್ಟು, ಪದರ ಎಷ್ಟು ದಪ್ಪ, ಮರ ಎಷ್ಟು ಗಾಢವಾದೀತು ಎಂಬುದನ್ನು ಆ ಪದ ಹೇಳುವುದಿಲ್ಲ.

ಅದನ್ನೆಲ್ಲ ಉಜ್ಜಿ ತೆಗೆಯಲು ಎರಡು ದಿನ ಹಿಡಿಯಿತು. ಆಮೇಲೆ ನಾನು ಹಿಡಿದ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಅದೇ ಪೆಟ್ಟಿಗೆ ಇರಲಿ: ಒಂಬತ್ತು ಇಂಚು ಉದ್ದ, ಆರು ಇಂಚು ಅಗಲ, ಕನ್ನಡಕ ಮತ್ತು ಪೆನ್ನುಗಳನ್ನು ಇಡುವುದಕ್ಕೆ. ಹಳೆಯ ಮನೆಯೊಂದನ್ನು ಕೆಡವಿದಾಗ ಸಿಕ್ಕ ಹಲಗೆ. ಹೊರಗಿನಿಂದ ಕಾಫಿಪುಡಿಯ ಬಣ್ಣ, ಹತ್ತರಿ ಹೊಡೆದ ಕೂಡಲೇ ಒಳಗೆ ಅಪ್ಪಟ ಅರಿಶಿನ.

ಮೊದಲು ತುಂಡುಗಳನ್ನು ಎತ್ತಿಡಿ

ಕೆಲಸ ಮುಗಿದ ಮೇಲೆ ಉಳಿಯುವ ತುಂಡುಗಳನ್ನು ಒಲೆಗೆ ಹಾಕಬೇಡಿ. ಪಾಲಿಶ್ ಆರಿಸುವುದು ಅಂಗಡಿಯಲ್ಲಿ ಅಲ್ಲ, ಈ ತುಂಡುಗಳ ಮೇಲೆ. ಅದೇ ಹಲಗೆಯ ತುಂಡೇ ಆಗಬೇಕು, ಬೇರೆ ಹಲಸಿನ ಮರದ್ದಾದರೆ ಸಾಲದು. ಒಂದೇ ಮರದಲ್ಲಿ ಚೇಗಿನ (ನಡುವಿನ ಗಟ್ಟಿ ತಿರುಳಿನ) ಬಣ್ಣ ಬೇರೆ, ತೊಗಟೆಯ ಪಕ್ಕದ ಬಿಳಿ ಭಾಗದ ಬಣ್ಣ ಬೇರೆ. ಎರಡೂ ಎಣ್ಣೆ ಕುಡಿಯುವ ಬಗೆಯೂ ಬೇರೆ. ಅಂಗೈ ಅಗಲದ ನಾಲ್ಕೈದು ತುಂಡು ಇದ್ದರೆ ಸಾಕು.

ಪೆಟ್ಟಿಗೆಯನ್ನು ಯಾವ ನಂಬರಿನ ಉಪ್ಪು ಕಾಗದದವರೆಗೆ ಉಜ್ಜುತ್ತೀರೋ ತುಂಡುಗಳನ್ನೂ ಅಲ್ಲಿಯವರೆಗೆ ಉಜ್ಜಿ. ಇದನ್ನು ಬಹಳ ಜನ ಬಿಡುತ್ತಾರೆ. ಒರಟು ತುಂಡಿನ ಮೇಲೆ ಎಣ್ಣೆ ಗಾಢವಾಗಿ ಕಾಣುತ್ತದೆ, ನುಣುಪಾದದ್ದರ ಮೇಲೆ ತಿಳಿಯಾಗಿ ಕಾಣುತ್ತದೆ. ಹಾಗಾಗಿ ಒರಟು ತುಂಡಿನಲ್ಲಿ ನೋಡಿ ಒಪ್ಪಿದ ಬಣ್ಣ ಪೆಟ್ಟಿಗೆಗೆ ಬರುವುದೇ ಇಲ್ಲ. ಪ್ರತಿ ತುಂಡಿನ ಬೆನ್ನಿಗೆ ಪೆನ್ಸಿಲ್‌ನಲ್ಲಿ ಏನು ಬಳಿದಿರಿ, ಎಷ್ಟು ಕೋಟು, ಯಾವತ್ತು ಎಂದು ಬರೆದಿಡಿ. ಬರೆಯದಿದ್ದರೆ ವಾರದ ಮೇಲೆ ಎಲ್ಲ ತುಂಡೂ ಒಂದೇ ಥರ ಕಾಣುತ್ತವೆ, ನಿಮಗೆ ಇಷ್ಟವಾದದ್ದು ಯಾವುದೆಂದು ನಿಮಗೇ ತಿಳಿಯುವುದಿಲ್ಲ.

ಎಂಜಲಿನ ಪರೀಕ್ಷೆ

ಪೆಟ್ಟಿಗೆ ಕೆಟ್ಟ ಮೇಲೆ ನಾನು ಊರಿನ ಆಚಾರರೊಬ್ಬರ ಬಳಿ ಹೋಗಿ, "ಆಚಾರರೇ, ಮರದ ಬಣ್ಣ ಬದಲಾಗದ ಪಾಲಿಶ್ ಯಾವುದು?" ಎಂದು ಕೇಳಿದೆ. ಅವರು ಮಾತಾಡಲಿಲ್ಲ. ಹೆಬ್ಬೆರಳಿಗೆ ಎಂಜಲು ಮಾಡಿಕೊಂಡು ನನ್ನ ಕೈಯಲ್ಲಿದ್ದ ತುಂಡಿನ ಮೇಲೆ ಒಮ್ಮೆ ಒರೆಸಿದರು. ಹಳದಿ ಹಲಗೆಯ ಮೇಲೆ ಜೇನಿನ ಬಣ್ಣದ ಒಂದು ಗೀಟು ಮೂಡಿತು. "ಈ ಬಣ್ಣ ಇಷ್ಟವೋ, ಪಕ್ಕದ ಬಣ್ಣ ಇಷ್ಟವೋ? ಅದನ್ನು ಹೇಳಿ ಸ್ವಾಮಿ, ಪಾಲಿಶಿನ ಮಾತು ಆಮೇಲೆ" ಎಂದರು.

ಇಡೀ ವಿಷಯ ಇಷ್ಟೇ. ಸಹಜ ಎಂದು ನಾವು ಒಂದೇ ಪದದಲ್ಲಿ ಹೇಳುವುದು ಎರಡು ಬೇರೆ ಬೇರೆ ನೋಟಗಳನ್ನು. ಒಂದು, ಈಗಷ್ಟೇ ಹತ್ತರಿ ಹೊಡೆದ ಮರದ ಒಣ, ತಿಳಿ ನೋಟ. ಇನ್ನೊಂದು, ಅದೇ ಮರ ನೆನೆದಾಗ ಕಾಣುವ ಗಾಢ ನೋಟ: ಎಳೆಗಳು ಎದ್ದು, ಬಣ್ಣ ಒಂದು ಮೆಟ್ಟಿಲು ಇಳಿದು, ಮರಕ್ಕೆ ಆಳ ಬಂದಂತೆ ಅನಿಸುವುದು. ಎಣ್ಣೆ, ಅರಗು, ಎಣ್ಣೆ ಬೆರೆತ ವಾರ್ನಿಷ್ ಎಲ್ಲವೂ ಕೊಡುವುದು ಈ ಎರಡನೆಯ ನೋಟವನ್ನು. ಮರದ ಸೂಕ್ಷ್ಮ ರಂಧ್ರಗಳಲ್ಲಿ ಗಾಳಿ ಇರುವಾಗ ಬೆಳಕು ಅಲ್ಲಲ್ಲೇ ಚದುರಿ ಮರ ಬಿಳಿಚಿದಂತೆ ಕಾಣುತ್ತದೆ. ಆ ಜಾಗವನ್ನು ದ್ರವ ತುಂಬಿದರೆ ಚದುರುವುದು ಕಡಿಮೆಯಾಗಿ ಬಣ್ಣ ಗಾಢವಾಗುತ್ತದೆ. ಆದ್ದರಿಂದ ಬಣ್ಣ ಒಂದಿಷ್ಟೂ ಬದಲಾಗದ ಎಣ್ಣೆಯನ್ನು ಹುಡುಕುವುದು ವ್ಯರ್ಥ.

ಎಂಜಲು ಬೇಡವೆಂದರೆ ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ನೀರೂ ಆದೀತು, ಆದರೆ ನೀರು ತಾಗಿದರೆ ಮರದ ನಾರು ಮುಳ್ಳಿನಂತೆ ಎದ್ದು ನಿಲ್ಲುತ್ತದೆ, ಮತ್ತೆ ಉಜ್ಜಬೇಕು. ಟರ್ಪೆಂಟೈನ್ ಸ್ವಲ್ಪ ಹೊತ್ತಿನಲ್ಲಿ ಆರಿಹೋಗುತ್ತದೆ. ಒದ್ದೆ ಇರುವಾಗಲೇ ಕಿಟಕಿಯ ಬೆಳಕಿನಲ್ಲಿ ನೋಡಿ, ಒಂದು ಫೋಟೊ ತೆಗೆದುಕೊಳ್ಳಿ. ಒದ್ದೆಯ ಬಣ್ಣ ಇಷ್ಟವಾದರೆ ನಿಮ್ಮ ದಾರಿ ಎಣ್ಣೆ ಇಲ್ಲವೇ ಅರಗು. ಒಣ ಬಣ್ಣವೇ ಬೇಕೆಂದರೆ ಬರೀ ಮೇಣ, ಅಥವಾ ನೀರಿನಲ್ಲಿ ಬೆರೆಯುವ ಮ್ಯಾಟ್ ಪಾಲಿಶ್.

ಇದೇ ಪರೀಕ್ಷೆಯಿಂದ ಇನ್ನೊಂದು ಲಾಭವಿದೆ. ಜೋಡಣೆಯ ಹತ್ತಿರ ಬಿಳಿ ಗೋಂದು ಒಸರಿ ಒಣಗಿದ್ದರೆ ಬರಿಗಣ್ಣಿಗೆ ಕಾಣುವುದಿಲ್ಲ. ಟರ್ಪೆಂಟೈನ್ ಒರೆಸಿದಾಗ ಅಷ್ಟು ಜಾಗ ಮಾತ್ರ ನೆನೆಯದೆ ಮಚ್ಚೆಯಂತೆ ತಿಳಿಯಾಗಿ ಉಳಿಯುತ್ತದೆ. ಪಾಲಿಶ್ ಬಳಿದ ಮೇಲೆ ಈ ಮಚ್ಚೆ ಕಂಡರೆ ತಲೆ ಚಚ್ಚಿಕೊಳ್ಳಬೇಕು. ಈಗ ಕಂಡರೆ ಉಳಿಯಿಂದ ಮೆಲ್ಲಗೆ ಕೆರೆದರೆ ಆಯಿತು.

ಪೆಟ್ಟಿಗೆ ಎಲ್ಲಿರುತ್ತದೆ, ಯಾರು ಮುಟ್ಟುತ್ತಾರೆ

ಕನ್ನಡಕದ ಪೆಟ್ಟಿಗೆಗೆ ಬಿಸಿ ಲೋಟವಿಲ್ಲ, ಸಾರಿನ ಕಲೆಯಿಲ್ಲ. ತೆಳುವಾದ ಪದರ ಸಾಕು. ಕಾಫಿ ಟ್ರೇಗೆ ಹಾಗಲ್ಲ; ಬಿಸಿ, ನೀರು ಎರಡನ್ನೂ ತಡೆಯುವ ಪಿಯು (ಪಾಲಿಯುರೆಥೇನ್) ಅಥವಾ ವಾರ್ನಿಷ್ ಬೇಕೇಬೇಕು. ಅಲ್ಲಿ ಸಹಜ ನೋಟದಲ್ಲಿ ಸ್ವಲ್ಪ ರಾಜಿ ಮಾಡಿಕೊಳ್ಳಬೇಕಾಗುತ್ತದೆ.

ತರಕಾರಿ ಹೆಚ್ಚುವ ಮಣೆ, ಮರದ ಸೌಟು, ಚಪಾತಿ ಮಣೆ ಇವುಗಳ ಲೆಕ್ಕವೇ ಬೇರೆ. ಔಷಧಿ ಅಂಗಡಿಯಲ್ಲಿ ಸಿಗುವ ದ್ರವ ಪ್ಯಾರಾಫಿನ್ ಹಚ್ಚಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಒರೆಸಿ. ತಿಂಗಳಿಗೊಮ್ಮೆ ಮತ್ತೆ ಹಚ್ಚಿ. ಅದಕ್ಕೆ ಸ್ವಲ್ಪ ಜೇನುಮೇಣ ಕರಗಿಸಿ ಬೆರೆಸಿದರೆ ಇನ್ನೂ ಒಳ್ಳೆಯದು. ಹಾರ್ಡ್‌ವೇರ್ ಅಂಗಡಿಯ ಅಗಸೆ ಎಣ್ಣೆ ಮಣೆಗೆ ಬೇಡ. ಏಕೆಂದು ಮುಂದೆ ಹೇಳುತ್ತೇನೆ.

ಮರದ ಸ್ವಭಾವ

ಹಲಸು ಒಳ್ಳೆಯ ಮರ. ಮೃದಂಗದ ಒಡಲಿಗೆ ಅದನ್ನೇ ಆರಿಸುತ್ತಾರೆ. ಅದರ ಹಳದಿಗೆ ಕಾರಣ ಮೋರಿನ್ ಎಂಬ ಬಣ್ಣದ ವಸ್ತು. ಆಗ್ನೇಯ ಏಷ್ಯಾದಲ್ಲಿ ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕಟ್ಟಲು ಹಲಸಿನ ಚೇಗನ್ನು ಬಳಸಿದ್ದಾರೆ. ಈ ಹಳದಿ ಬೆಳಕಿಗೆ ನಿಲ್ಲುವುದಿಲ್ಲ. ತಿಂಗಳುಗಳಲ್ಲಿ ಹೊಂಬಣ್ಣಕ್ಕೆ, ವರ್ಷಗಳಲ್ಲಿ ಕಂದಿಗೆ ತಿರುಗುತ್ತದೆ. ಯಾವ ಪಾಲಿಶೂ ಅದನ್ನು ಪೂರ್ತಿ ತಡೆಯದು. ಹಲಸನ್ನು ಹಳದಿಯಾಗಿಯೇ ಉಳಿಸಬೇಕೆಂದು ಹೊರಟವರು ಬೇರೆ ಮರ ಹಿಡಿಯುವುದು ಮೇಲು.

ಸಾಗುವಾನಿಯಲ್ಲಿ ಎಣ್ಣೆಯ ಅಂಶ ಸಹಜವಾಗಿಯೇ ಇದೆ. ಬರೀ ಮೇಣ ಹಚ್ಚಿದರೂ ಚೆನ್ನಾಗಿ ಕಾಣುವ ಮರ ಅದು. ವಾರ್ನಿಷ್ ಬಳಿಯುವುದಾದರೆ ಮಾತ್ರ ಮೊದಲು ಥಿನ್ನರ್ ಹಾಕಿ ಒರೆಸಿ ಮೇಲಿನ ಜಿಡ್ಡು ತೆಗೆಯಬೇಕು. ಬೀಟೆಯದು ಇನ್ನೂ ಹಟ ಹೆಚ್ಚು: ಅದರೊಳಗಿನ ವಸ್ತುಗಳು ಎಣ್ಣೆ ವಾರ್ನಿಷನ್ನು ಒಣಗಲು ಬಿಡದೆ ದಿನಗಟ್ಟಲೆ ಅಂಟಂಟಾಗಿಯೇ ಇಡುತ್ತವೆ. ಮೊದಲೊಂದು ತೆಳು ಕೋಟು ಅರಗು ಕೊಟ್ಟರೆ ಈ ತೊಂದರೆ ತಪ್ಪುತ್ತದೆ. ಆದರೆ ಅರಗನ್ನು ಕರಗಿಸುವ ಸ್ಪಿರಿಟ್‌ನಲ್ಲಿ ಬೀಟೆಯ ಬಣ್ಣ ಬಿಟ್ಟುಕೊಳ್ಳುತ್ತದೆ. ಪಕ್ಕದಲ್ಲಿ ಬಿಳಿ ಮರವನ್ನು ಕೂರಿಸಿದ್ದರೆ ಒಂದೇ ಬಟ್ಟೆಯಿಂದ ಎರಡನ್ನೂ ಒರೆಸಬೇಡಿ, ಬಿಳಿಯದು ನೇರಳೆಯಾದೀತು.

ರಬ್ಬರ್ ಮರ, ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಇವು ಬಿಳಿಚು ಮರಗಳು. ಎಣ್ಣೆ ಹಚ್ಚಿದರೆ ಹಳದಿಗೆ ತಿರುಗುತ್ತವೆ, ಪೈನ್ ಅಂತೂ ಅಲ್ಲಲ್ಲಿ ಕಲೆ ಕಲೆಯಾಗಿ ಕುಡಿಯುತ್ತದೆ. ಇವುಗಳಿಗೆ ನೀರಿನಲ್ಲಿ ಬೆರೆಯುವ ಪಾಲಿಶೇ ಸರಿ. ಕಾಫಿ ತೋಟದ ಸಿಲ್ವರ್ ಓಕ್‌ನ ಹಲಗೆ ಸಿಕ್ಕಿದರೆ ಬಿಡಬೇಡಿ. ಸರಿಯಾಗಿ ಕೊಯ್ದ ಹಲಗೆಯಲ್ಲಿ ಮೀನಿನ ಹುರುಪೆಯಂಥ ಚಿತ್ತಾರವಿರುತ್ತದೆ, ಒಂದು ಕೋಟು ಅರಗಿಗೆ ಅದು ಎದ್ದು ಬರುತ್ತದೆ.

ಎಣ್ಣೆ: ಎಲ್ಲವೂ ಒಣಗುವುದಿಲ್ಲ

ಮನೆಯಲ್ಲಿರುವ ಕೊಬ್ಬರಿ ಎಣ್ಣೆಯನ್ನೇ ಹಚ್ಚಿದರಾಗದೇ ಎಂದು ಎಲ್ಲರೂ ಕೇಳುತ್ತಾರೆ. ಹಚ್ಚಿದ ದಿನ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಅದು ಒಣಗುವ ಎಣ್ಣೆಯಲ್ಲ. ಮರದಲ್ಲಿ ಹಸಿಯಾಗಿಯೇ ಉಳಿದು ಧೂಳು ಹಿಡಿಯುತ್ತದೆ, ಕಾಗದಕ್ಕೆ ಜಿಡ್ಡು ಬಿಡುತ್ತದೆ. ಕಡಲೆಕಾಯಿ ಎಣ್ಣೆ ಅದಕ್ಕಿಂತ ಕೆಟ್ಟದು, ಕೆಲವು ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ.

ಎಣ್ಣೆ ಒಣಗುವುದೆಂದರೆ ನೀರಿನಂತೆ ಆರಿಹೋಗುವುದಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುವುದು. ಈ ಗುಣವನ್ನು ಅಂದಾಜು ಮಾಡಲು ಅಯೋಡಿನ್ ಸಂಖ್ಯೆ ಎಂಬ ಅಳತೆಯಿದೆ. ಸುಮಾರು 130 ದಾಟಿದರೆ ಒಣಗುವ ಎಣ್ಣೆ. ಅಗಸೆಯದು 170ರ ಮೇಲೆ, ಕೊಬ್ಬರಿಯದು 10ರ ಆಸುಪಾಸು, ಕಡಲೆಕಾಯಿಯದು ನೂರರ ಹತ್ತಿರ. ನಮ್ಮ ಹುಚ್ಚೆಳ್ಳು ಆ ಗಡಿಯ ಮೇಲೆಯೇ ಕೂತಿದೆ. ಒಣಗುತ್ತದೆ, ಆದರೆ ತಾಳ್ಮೆ ಬೇಕು. ಕರಾವಳಿಯಲ್ಲಿ ಮಾಡಿನ ಮರಕ್ಕೆ ಬಳಿಯುವ ಗೇರೆಣ್ಣೆಯನ್ನು ಯಾರಾದರೂ ಸೂಚಿಸಿದರೆ ನಯವಾಗಿ ಬೇಡವೆನ್ನಿ. ಗೆದ್ದಲಿಗೆ ಅದು ಒಳ್ಳೆಯ ಮದ್ದು, ಆದರೆ ಮರವನ್ನು ಕಪ್ಪುಗಟ್ಟಿಸುತ್ತದೆ, ಚರ್ಮಕ್ಕೆ ತಾಗಿದರೆ ಸುಟ್ಟ ಗಾಯವಾಗುತ್ತದೆ.

ಹಾಗಾಗಿ ಉಳಿಯುವುದು ಅಗಸೆ ಎಣ್ಣೆ. ಹಸಿಯದನ್ನು ಹಚ್ಚಿದರೆ ಒಣಗಲು ವಾರಗಳೇ ಬೇಕಾದೀತು. ಅಂಗಡಿಯಲ್ಲಿ ‘ಡಬಲ್ ಬಾಯಿಲ್ಡ್’ ಎಂದು ಸಿಗುವುದು ಒಂದೆರಡು ದಿನದಲ್ಲಿ ಒಣಗುತ್ತದೆ. ಹೆಸರಿನಲ್ಲಿ ಕುದಿತವಿದ್ದರೂ ಕೆಲಸ ಮಾಡುವುದು ಅದರಲ್ಲಿ ಬೆರೆಸಿದ ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಲವಣಗಳು. ಊಟದ ಸಾಮಾನಿಗೆ ಬೇಡ ಎಂದದ್ದು ಇದಕ್ಕೇ.

ಹಚ್ಚುವುದು ಸುಲಭ. ಧಾರಾಳವಾಗಿ ಬಳಿದು, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಮರ ಕುಡಿಯದೆ ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಬೇಕು. ‘ಪೂರ್ತಿ’ ಎನ್ನುವುದನ್ನು ಎರಡು ಸಲ ಓದಿ. ಮೇಲೆ ಉಳಿದ ಎಣ್ಣೆ ಬೆಲ್ಲದ ಪಾಕದಂತೆ ಅಂಟಾಗಿ ಕೂರುತ್ತದೆ, ಆಮೇಲೆ ಕೆರೆಯದೆ ಬೇರೆ ದಾರಿಯಿಲ್ಲ. ದಿನಕ್ಕೊಂದರಂತೆ ಎರಡು ಮೂರು ಕೋಟು ಸಾಕು. ಅಗಸೆ ಎಣ್ಣೆ ವರ್ಷ ಕಳೆದಂತೆ ಹಳದಿಯಾಗುತ್ತದೆ. ಹಲಸಿಗೆ ಅದೊಂದು ಶೋಭೆಯೇ, ಬಿಳಿ ಮರಕ್ಕೆ ಮಾತ್ರ ಅಲ್ಲ. ಮಳೆಗಾಲದಲ್ಲಿ ಅದರ ಮೇಲೆ ಬೂಷ್ಟು ಹಿಡಿಯುವುದೂ ಉಂಟು.

ಇನ್ನು ಒಂದು ಮಾತು, ಇದನ್ನು ಹಾರಿಸಿ ಓದಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆ ಬೆಂಕಿಕಡ್ಡಿ ಇಲ್ಲದೆಯೇ ಹೊತ್ತಿಕೊಳ್ಳುತ್ತದೆ. ಎಣ್ಣೆ ಆಮ್ಲಜನಕ ಹೀರುವಾಗ ಶಾಖ ಹುಟ್ಟುತ್ತದೆ. ಹಲಗೆಯ ಮೇಲೆ ಅದು ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿ ಮೂಲೆಗೆ ಎಸೆದ ಬಟ್ಟೆಯೊಳಗೆ ಹೋಗಲು ಜಾಗವಿಲ್ಲದೆ ಏರುತ್ತ ಏರುತ್ತ, ಕೆಲವೇ ಗಂಟೆಗಳಲ್ಲಿ ಬಟ್ಟೆ ಹೊಗೆಯಾಡುತ್ತದೆ. ಒಮ್ಮೆ ನನ್ನ ಬಟ್ಟೆಯ ಮುದ್ದೆಯನ್ನು ಅರ್ಧ ಗಂಟೆ ಬಿಟ್ಟು ಮುಟ್ಟಿ ನೋಡಿದೆ. ನಡುವೆ ಬೆರಳು ತೂರಿಸಿದರೆ ಆಗ ತಾನೇ ಬೇಯಿಸಿದ ಇಡ್ಲಿಯ ಹಾಗಿತ್ತು. ಅಂದಿನಿಂದ ಬಟ್ಟೆಯನ್ನು ಬಿಡಿಸಿ, ಒಂದೇ ಪದರದಲ್ಲಿ, ಹೊರಗಿನ ತಂತಿಯ ಮೇಲೆ ಹರವುತ್ತೇನೆ. ಗಡುಸಾಗಿ ಒಣಗಿದ ಮೇಲೆ ಕಸಕ್ಕೆ. ಹರವಲು ಜಾಗವಿಲ್ಲದವರು ನೀರು ತುಂಬಿದ ಹಳೆಯ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ.

ಅರಗು: ನನ್ನ ಪಕ್ಷಪಾತ

ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯ ಅರಗೇ ಇದು. ಮುತ್ತುಗ, ಬೋರೆ ಮುಂತಾದ ಮರಗಳ ಎಳೆ ರೆಂಬೆಗಳ ಮೇಲೆ ಅರಗಿನ ಹುಳು ಕಟ್ಟುವ ರಾಳ. ಜಾರ್ಖಂಡ್ ಕಡೆ ಇದರ ಬೆಳೆ ದೊಡ್ಡದು. ರಾಂಚಿಯ ಬಳಿ 1924ರಲ್ಲಿಯೇ ಇದಕ್ಕಾಗಿ ಒಂದು ಸಂಶೋಧನಾ ಸಂಸ್ಥೆ ಆರಂಭವಾಯಿತು. ಚನ್ನಪಟ್ಟಣದ ಬೊಂಬೆಗಳ ಹೊಳಪು ಇದರದ್ದೇ: ತಿರುಗುವ ಹಾಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವ ಬಿಸಿಗೆ ಕರಗಿ ಮೆತ್ತಿಕೊಳ್ಳುತ್ತದೆ, ಮೇಲೆ ತಾಳೆಗರಿ ಒತ್ತಿ ನುಣುಪು ಮಾಡುತ್ತಾರೆ. ಅದು ಲೇತಿನ ವಿದ್ಯೆ, ಚೌಕ ಪೆಟ್ಟಿಗೆಗೆ ನಡೆಯುವುದಿಲ್ಲ. ನಮಗೆ ಬೇಕಾದದ್ದು ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ನಮ್ಮ ಬಡಗಿಗಳು ಫ್ರೆಂಚ್ ಪಾಲಿಶ್ ಎನ್ನುವುದು ಇದನ್ನೇ.

ತಯಾರಾದ ಬಾಟಲಿ ಕೊಳ್ಳುವ ಬದಲು ಅರಗಿನ ಚಕ್ಕೆ ತಂದು ನೀವೇ ಕರಗಿಸಿಕೊಳ್ಳಿ. ಕರಗಿಸಿಟ್ಟ ಅರಗಿಗೆ ಆಯುಸ್ಸು ಕಡಿಮೆ. ಆರೇಳು ತಿಂಗಳು ದಾಟಿದ್ದು ಎಷ್ಟು ಹೊತ್ತಾದರೂ ಅಂಟು ಬಿಡುವುದಿಲ್ಲ. ಅಂಗಡಿಯ ಬಾಟಲಿ ಎಂದು ತಯಾರಾದದ್ದೋ ಹೇಳಲಾಗದು. 25 ಗ್ರಾಂ ಚಕ್ಕೆಗೆ 200 ಮಿಲಿಲೀಟರ್ ಸ್ಪಿರಿಟ್ ಹಾಕಿ ಗಾಜಿನ ಬಾಟಲಿಯಲ್ಲಿ ಮುಚ್ಚಿ, ಆಗಾಗ ಅಲುಗಾಡಿಸುತ್ತ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ. ಈ ಹದ ತೆಳುವೇ, ಬೇಕೆಂದೇ ತೆಳು. ಚಕ್ಕೆಯಲ್ಲಿ ಕಿತ್ತಳೆ ಬಣ್ಣದ್ದು, ಬಣ್ಣ ತೆಗೆದ ತಿಳಿ ಚಕ್ಕೆ, ಎರಡೂ ಸಿಗುತ್ತವೆ. ಸಹಜ ನೋಟಕ್ಕೆ ತಿಳಿಯದೇ ಸರಿ. ಹಲಸಿಗೆ ಕಿತ್ತಳೆಯೂ ಒಪ್ಪುತ್ತದೆ. ಮುಂದೆ ಇದರ ಮೇಲೆ ಪಿಯು ಬಳಿಯುವ ಯೋಚನೆಯಿದ್ದರೆ ಮೇಣ ತೆಗೆದ ಅರಗನ್ನೇ ಕೇಳಿ. ಅರಗಿನಲ್ಲಿ ತಾನಾಗಿಯೇ ಸ್ವಲ್ಪ ಮೇಣ ಇರುತ್ತದೆ, ಅದರ ಮೇಲೆ ಪಿಯು ಹಿಡಿಯದು.

ಈ ಸ್ಪಿರಿಟ್‌ನಲ್ಲಿ ಮೆಥನಾಲ್ ಎಂಬ ವಿಷ ಬೆರೆತಿರಬಹುದು, ಕುಡಿದರೆ ಕಣ್ಣು, ಜೀವ ಎರಡಕ್ಕೂ ಅಪಾಯ. ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ತುಂಬಿಡಬೇಡಿ. ಕಿಟಕಿ ತೆರೆದು ಕೆಲಸ ಮಾಡಿ. ಒಲೆ, ದೀಪ, ಊದಿನಕಡ್ಡಿ ಯಾವುದೂ ಹತ್ತಿರ ಇರಬಾರದು.

ಅರಗಿನ ಗುಣವೆಂದರೆ ಅವಸರದವರಿಗೂ ಒಲಿಯುತ್ತದೆ. ಅರ್ಧ ಗಂಟೆಯಲ್ಲಿ ಒಣಗುತ್ತದೆ, ಒಂದು ಗಂಟೆಗೆ ಮುಂದಿನ ಕೋಟು. ತಪ್ಪಾದರೆ ಸ್ಪಿರಿಟ್ ಹಾಕಿ ಒರೆಸಿ ಮತ್ತೆ ಶುರು ಮಾಡಬಹುದು, ಹೊಸಬರಿಗೆ ಇಂಥ ಕ್ಷಮೆ ಬೇರೆ ಯಾವ ಪಾಲಿಶಿನಲ್ಲೂ ಇಲ್ಲ. ದೋಷಗಳೂ ಅಲ್ಲಿಂದಲೇ ಬರುತ್ತವೆ. ಕೊರೊನಾ ಕಾಲದಲ್ಲಿ ಹಳೆಯ ಮೇಜುಗಳ ಮೇಲೆ ಸ್ಯಾನಿಟೈಜರ್ ತೊಟ್ಟಿಕ್ಕಿ ಬಿಳಿ ಕಲೆಗಳಾದದ್ದು ನಿಮಗೆ ನೆನಪಿರಬಹುದು. ಅರಗನ್ನು ಕರಗಿಸುವುದೇ ಆಲ್ಕೋಹಾಲ್. ಬಿಸಿ ಲೋಟ ಇಟ್ಟರೂ ಕಲೆ. ಮಳೆ ಹಿಡಿದ ದಿನ ಬಳಿದರೆ ಹೊಳಪಿನ ಮೇಲೆ ಮಂಜು ಮುಸುಕಿದಂತೆ ಬೆಳ್ಳಗಾಗುತ್ತದೆ: ಸ್ಪಿರಿಟ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿಯೋ ಆಗುಂಬೆಯಲ್ಲಿಯೋ ಇರುವವರು ಬಿಸಿಲು ಬಂದ ಮಧ್ಯಾಹ್ನಕ್ಕೆ ಕಾಯುವುದು ಲೇಸು.

ಮೇಣ ಮತ್ತು ಮ್ಯಾಟ್ ಡಬ್ಬಿಗಳು

ಬರೀ ಮೇಣ ಹಚ್ಚಿದ ಮರದಷ್ಟು ಕೈಗೆ ಹಿತವಾದದ್ದು ಬೇರೆ ಇಲ್ಲ. ರಕ್ಷಣೆ ಮಾತ್ರ ಹೆಸರಿಗಷ್ಟೇ. ಒಂದು ಹನಿ ನೀರು ಬಿದ್ದರೂ ಗುರುತು ಉಳಿಯುತ್ತದೆ. ಒಂದು ಭಾಗ ಜೇನುಮೇಣವನ್ನು ತುರಿದು, ಬಿಸಿ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಒಲೆ ಆರಿಸಿ, ಪಾತ್ರೆಯನ್ನು ಹೊರಗೆ ತಂದ ಮೇಲೆಯೇ ಮೂರು ಭಾಗ ಟರ್ಪೆಂಟೈನ್ ಬೆರೆಸಿ. ಒಲೆಯ ಮೇಲಿರುವಾಗ ಸುರಿದರೆ ಅದರ ಆವಿಗೆ ಬೆಂಕಿ ಹತ್ತುತ್ತದೆ. ಆರಿದಾಗ ತುಪ್ಪದಂತೆ ಗಟ್ಟಿಯಾದರೆ ಹದ ಸರಿ.

ಪಿಯು, ವಾರ್ನಿಷ್ ಕೊಳ್ಳುವಾಗ ‘ಮ್ಯಾಟ್’ ಎಂದು ಕೇಳಿ. ಸ್ವಲ್ಪ ಮಿನುಗು ಬೇಕಿದ್ದರೆ ‘ಸ್ಯಾಟಿನ್’. ಮ್ಯಾಟ್ ಆಗಿಸುವುದು ಅದರಲ್ಲಿರುವ ಸಿಲಿಕಾ ಪುಡಿ. ಅದು ತಳಕ್ಕೆ ಕೂರುತ್ತದೆ, ಆದ್ದರಿಂದ ಬಳಿಯುವ ಮೊದಲು ಕಡ್ಡಿಯಿಂದ ತಳದಿಂದ ಕಲಕಿ. ಡಬ್ಬಿ ಕುಲುಕಿದರೆ ಗುಳ್ಳೆ ಏಳುತ್ತವೆ. ಮೂರೂ ಕೋಟು ಮ್ಯಾಟ್ ಬಳಿದರೆ ಮರದ ಮೇಲೆ ತೆಳು ಹಾಲು ಹರಡಿದಂತಾಗುತ್ತದೆ. ಮೊದಲಿನವು ಹೊಳಪಿನದಾಗಿದ್ದು ಕೊನೆಯದು ಮಾತ್ರ ಮ್ಯಾಟ್ ಆದರೆ ಎಳೆಗಳು ಸ್ಪಷ್ಟವಾಗಿ ಕಾಣುತ್ತವೆ. ನೀರಿನಲ್ಲಿ ಬೆರೆಯುವ ಬಗೆಯಾದರೆ, ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿ ನಾರು ಎಬ್ಬಿಸಿ, ಒಣಗಿದ ಮೇಲೆ 220ನೇ ನಂಬರ್ ಕಾಗದದಿಂದ ಹಗುರಾಗಿ ಉಜ್ಜಿ. ಅದಕ್ಕೂ ಮೊದಲು ಸ್ಟೀಲ್ ವುಲ್ ಬಳಸಬೇಡಿ. ಮರದಲ್ಲಿ ಸಿಕ್ಕಿಕೊಂಡ ಕಬ್ಬಿಣದ ಚೂರಿಗೆ ನೀರು ತಾಗಿ ಕಪ್ಪು ಚುಕ್ಕೆಗಳಾಗುತ್ತವೆ.

ಕೊನೆಗೆ ಪೆಟ್ಟಿಗೆಗೆ ಬಳಿದದ್ದು

ನಾಲ್ಕು ತುಂಡುಗಳನ್ನು ವಾರವಿಡೀ ಮೇಜಿನ ಮೇಲೆ ಇಟ್ಟುಕೊಂಡು ಹಗಲು ಬೆಳಕಿನಲ್ಲೊಮ್ಮೆ, ರಾತ್ರಿ ಬಲ್ಬಿನಲ್ಲೊಮ್ಮೆ ನೋಡಿದೆ. ಬರೀ ಮೇಣದ ತುಂಡು ಎಲ್ಲಕ್ಕಿಂತ ತಿಳಿಯಾಗಿತ್ತು, ಆದರೆ ಮುಟ್ಟಿ ಮುಟ್ಟಿ ಎರಡೇ ದಿನಕ್ಕೆ ಬೆರಳಿನ ಗುರುತು ಹಿಡಿಯಿತು. ಎಣ್ಣೆಯದು ಸುಂದರ, ಆದರೆ ಕೆಂಪು ಹೆಚ್ಚಾಯಿತು. ಪಿಯು ಏನೋ ಪ್ಲಾಸ್ಟಿಕ್ ಎನಿಸಿತು. ತೆಳು ಅರಗಿನ ಮೇಲೆ ಮೇಣ ತಿಕ್ಕಿದ ತುಂಡನ್ನೇ ಕೈ ಮತ್ತೆ ಮತ್ತೆ ಎತ್ತಿಕೊಳ್ಳುತ್ತಿತ್ತು. ಅದರ ಕ್ರಮ ಹೀಗಿದೆ.

1. 120, 180, 220 ಹೀಗೆ ನಂಬರ್ ಬಿಡದೆ, ಎಳೆಯ ಜಾಡಿನಲ್ಲೇ ಉಜ್ಜಿ. ಅಡ್ಡ ಉಜ್ಜಿದ ಗೀರುಗಳು ಈಗ ಕಾಣುವುದಿಲ್ಲ, ಪಾಲಿಶ್ ಬಿದ್ದ ಕೂಡಲೇ ಕಾಣುತ್ತವೆ. ಹಲಗೆಯ ಕೊಯ್ದ ತುದಿಗಳನ್ನು ಮಾತ್ರ 320ರವರೆಗೆ ಉಜ್ಜಿ. ಅಲ್ಲಿ ಮರ ಹೆಚ್ಚು ಕುಡಿದು ಕಪ್ಪಾಗುತ್ತದೆ.

2. ಬ್ರಷ್‌ನಿಂದ ಧೂಳು ತೆಗೆದು, ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ. ಗೋಂದಿನ ಮಚ್ಚೆಗಳನ್ನು ಕೊನೆಯ ಬಾರಿ ಹುಡುಕಿ.

3. ಹತ್ತಿಯ ಉಂಡೆಯನ್ನು ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿ. ಅರಗನ್ನು ಅದಕ್ಕೆ ಹನಿಸಿ, ಹಿಂಡಿದರೆ ತೊಟ್ಟಿಕ್ಕಬಾರದು. ಅಂಚಿನಿಂದ ಅಂಚಿಗೆ ಒಂದೇ ಎಳೆತ. ಎಳೆದ ಜಾಗಕ್ಕೆ ಕೈ ಮರಳಿ ಹೋಗಬಾರದು. ಬಿಟ್ಟುಹೋದದ್ದು ಕಂಡರೂ ಸುಮ್ಮನಿರಿ, ಮುಂದಿನ ಕೋಟಿನಲ್ಲಿ ಸರಿಹೋಗುತ್ತದೆ. ನಾನು ಹಾಳು ಮಾಡಿದ್ದೆಲ್ಲ ಇಲ್ಲಿ ಸುಮ್ಮನಿರಲಾರದೆ. ಅರೆ ಒಣಗಿದ ಅರಗಿನ ಮೇಲೆ ಮತ್ತೆ ಬಟ್ಟೆ ಆಡಿಸಿದರೆ ಅದು ಕಿತ್ತು ಬಂದು ಗೆರೆಗಳಾಗುತ್ತವೆ.

4. ಒಂದು ಗಂಟೆಯ ನಂತರ 400ನೇ ನಂಬರಿನ ಸವೆದ ಕಾಗದದಿಂದ, ಕೆನ್ನೆ ಸವರಿದಷ್ಟು ಹಗುರಾಗಿ ಒಮ್ಮೆ ಉಜ್ಜಿ ಎರಡನೆಯ ಕೋಟು.

5. ಎರಡನೆಯದಾದ ಮೇಲೆ ನಿಲ್ಲಿಸಿ. ಮೂರನೆಯದಕ್ಕೆ ಕೈ ತುರಿಸುತ್ತದೆ, ಮೂರರ ಮೇಲೆ ಪದರ ಕಾಣತೊಡಗುತ್ತದೆ.

6. ಒಂದು ದಿನ ಬಿಟ್ಟು, ಮೇಣವನ್ನು ಬಟ್ಟೆಯಲ್ಲಿ ತೆಗೆದು ತೆಳುವಾಗಿ ಸವರಿ. ಹತ್ತು ನಿಮಿಷಕ್ಕೆ ಮಂಕಾದಾಗ ಒಣ ಬಟ್ಟೆಯಿಂದ ಚೆನ್ನಾಗಿ ತಿಕ್ಕಿ. ಅರಗಿನ ಗಾಜಿನ ಹೊಳಪು ಇಳಿದು, ಹಳೆಯ ಮನೆಯ ಕಂಬಕ್ಕಿರುವಂಥ ಮೆತ್ತನೆಯ ಮಿನುಗು ಬರುತ್ತದೆ.

ಪೆಟ್ಟಿಗೆಯ ಒಳಗೆ ಎಣ್ಣೆ ಬೇಡವೇ ಬೇಡ. ಮುಚ್ಚಿದ ಜಾಗದಲ್ಲಿ ಅದರ ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಒಂದು ಕೋಟು ಅರಗು ಕೊಡಿ, ಇಲ್ಲವೇ ಬರಿಮೈ ಬಿಡಿ. ನಾನು ಬರಿಮೈ ಬಿಟ್ಟಿದ್ದೇನೆ. ಮುಚ್ಚಳ ತೆರೆದರೆ ಇಂದಿಗೂ ಹತ್ತರಿ ಹೊಡೆದ ದಿನದ ಹಳದಿಯೇ ಇದೆ.

ಹೊರಗಿನದು ಹಾಗಿಲ್ಲ. ಹಲಸಿನ ಬಣ್ಣ ಬೆಳಕಿಗೆ ತಿರುಗುವ ಮೊದಲ ಕೆಲವು ತಿಂಗಳು ಮುಚ್ಚಳದ ಮೇಲೆ ಏನನ್ನೂ ಒಂದೇ ಕಡೆ ಇಡಬೇಡಿ, ಆಗಾಗ ಪೆಟ್ಟಿಗೆಯ ಮುಖ ತಿರುಗಿಸುತ್ತಿರಿ. ನನಗೆ ಇದು ಹೊಳೆಯಲಿಲ್ಲ. ಮುಚ್ಚಳದ ಮೂಲೆಯಲ್ಲಿ ಬಸ್ ಪಾಸ್ ಇಟ್ಟು ಮರೆತಿದ್ದೆ. ಎತ್ತಿದಾಗ ಅದರ ಅಳತೆಗೆ ಸರಿಯಾಗಿ ಒಂದು ಹಳದಿ ಚೌಕ ಉಳಿದಿತ್ತು. ಈಗ ಪೆಟ್ಟಿಗೆಯನ್ನು ಕಿಟಕಿಯ ಪಕ್ಕ, ಮೇಲೆ ಏನೂ ಇಡದೆ ಬಿಟ್ಟಿದ್ದೇನೆ. ಸುತ್ತಲಿನ ಬಣ್ಣವನ್ನು ಆ ಚೌಕ ಇನ್ನೂ ಹಿಡಿಯುತ್ತಿದೆ.